ಚಿಮಣಿ ಹೊಗೆಯ ಅನಿಲಗಳನ್ನು ಬೇರೆ ಮಾಡುವುದು ಹೇಗೆ? (ಪ್ರಶ್ನೋತ್ತರ)

ಪ್ರಶ್ನೆ: ಬಾಯ್ಲರ್ ಹೊಗೆಯಲ್ಲಿ ಸಾರಜನಕ, ಕಾರ್ಬನ್ ಡೈಆಕ್ಸೈಡ್, ನೀರಾವಿ, ಉಳಿದ ಆಮ್ಲಜನಕ, ಸ್ವಲ್ಪ ಕಾರ್ಬನ್ ಮಾನಾಕ್ಸೈಡ್ ಎಲ್ಲವೂ ಬೆರೆತಿರುತ್ತವೆ. ಒಂದೊಂದರ ಕುದಿಬಿಂದು ಒಂದೊಂದು ಥರ. ಹಾಗಿದ್ದರೆ ತಂಪು ಮಾಡುತ್ತಾ ಹೋದರೆ ಒಂದೊಂದಾಗಿ ಇಳಿಯಬೇಕಲ್ಲವೇ ಸರ್? ಕಾರ್ಖಾನೆಗಳಲ್ಲಿ ಹಾಗೇಕೆ ಮಾಡುವುದಿಲ್ಲ?

ಉತ್ತರ (ರಾಸಾಯನಿಕ ಎಂಜಿನಿಯರ್): ನೀರಿನ ಮಟ್ಟಿಗೆ ನೀವು ಹೇಳಿದ್ದು ಸರಿ. ಮೀಥೇನನ್ನು ಲೆಕ್ಕಕ್ಕೆ ಸರಿಯಾದಷ್ಟೇ ಗಾಳಿಯಲ್ಲಿ ಸುಟ್ಟರೆ ಹೊಗೆಯಲ್ಲಿ ಸುಮಾರು 71.5% ಸಾರಜನಕ, 19% ನೀರಾವಿ, 9.5% ಕಾರ್ಬನ್ ಡೈಆಕ್ಸೈಡ್ ಇರುತ್ತದೆ. ಇದನ್ನು 59 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ತಂದರೆ ನೀರು ಹನಿಯತೊಡಗುತ್ತದೆ. ಗಂಧಕವಿರುವ ಇಂಧನವಾದರೆ ಅದಕ್ಕೂ ಮೊದಲೇ, 120ರಿಂದ 150 ಡಿಗ್ರಿಯ ಆಸುಪಾಸಿನಲ್ಲಿ, ಗಂಧಕಾಮ್ಲ ಹನಿಗಟ್ಟಿ ಸಾದಾ ಉಕ್ಕಿನ ಕೊಳವೆಯನ್ನು ತಿನ್ನುತ್ತದೆ.

ತೊಡಕು ಶುರುವಾಗುವುದು ಅದರ ಮುಂದೆ. ಕಾರ್ಬನ್ ಡೈಆಕ್ಸೈಡ್ 5.2 ಬಾರ್‌ಗಿಂತ ಕಡಿಮೆ ಒತ್ತಡದಲ್ಲಿ ದ್ರವವಾಗುವುದೇ ಇಲ್ಲ, ನೇರವಾಗಿ ಘನವಾಗುತ್ತದೆ. ಕಲ್ಲಿದ್ದಲ ಹೊಗೆಯಲ್ಲಿ ಅದು 13% ಇದೆ ಎಂದುಕೊಳ್ಳಿ. ವಾಯುಮಂಡಲದ ಒತ್ತಡದಲ್ಲಿ ಅದರ ಪಾಲಿನ ಒತ್ತಡ ಬರೀ 0.13 ಬಾರ್. ಹಾಗಾಗಿ ಹಿಮಗಟ್ಟಲು ಶುರುವಾಗುವುದೇ ಮೈನಸ್ 100 ಡಿಗ್ರಿಯ ಹತ್ತಿರ. 90% ಇಳಿಯಬೇಕಾದರೆ ಮೈನಸ್ 120ರವರೆಗೆ ಹೋಗಬೇಕು. ಅಷ್ಟು ಹೊತ್ತಿಗೆ ಶಾಖ ವಿನಿಮಯಕದ ಕೊಳವೆಗಳ ಮೇಲೆ ಹಿಮ ಕೂತು ದಾರಿ ಮುಚ್ಚಿರುತ್ತದೆ. ನಮಗೆ ಬೇಡದ ಸಾರಜನಕವನ್ನೂ ಅಷ್ಟೇ ತಣ್ಣಗೆ ಮಾಡಿದ ಖರ್ಚು ಬೇರೆ. ಇನ್ನು ಸಾರಜನಕದ ಕುದಿಬಿಂದು ಮೈನಸ್ 196, ಕಾರ್ಬನ್ ಮಾನಾಕ್ಸೈಡ್‌ನದು ಮೈನಸ್ 191.5. ನಾಲ್ಕೂವರೆ ಡಿಗ್ರಿ ಅಂತರ ನಂಬಿಕೊಂಡು, ಹೊಗೆಯಲ್ಲಿರುವ ಚೂರುಪಾರು ಮಾನಾಕ್ಸೈಡ್‌ಗಾಗಿ ಯಾರೂ ಬಟ್ಟಿ ಇಳಿಸುವ ಗೋಪುರ ಕಟ್ಟುವುದಿಲ್ಲ. ಅದನ್ನು ಬೇರ್ಪಡಿಸುವುದಕ್ಕಿಂತ ಪೂರ್ತಿ ಸುಟ್ಟುಬಿಡುವುದು ಲೇಸು.

ಪ್ರಶ್ನೆ: ಹಾಗಾದರೆ ಕಾಸ್ಟಿಕ್ ಸೋಡಾ ದ್ರಾವಣದಲ್ಲಿ ಹಾಯಿಸಿದರೆ ಸಾಲದೇ? ಕಾರ್ಬನ್ ಡೈಆಕ್ಸೈಡನ್ನು ಅದು ಚೆನ್ನಾಗಿಯೇ ಹೀರುತ್ತದೆ.

ಉತ್ತರ (ರಾಸಾಯನಿಕ ಎಂಜಿನಿಯರ್): ಹೀರುತ್ತದೆ, ಆದರೆ ಬಿಡುವುದಿಲ್ಲ. ಒಂದು ಕಿಲೋ ಕಾರ್ಬನ್ ಡೈಆಕ್ಸೈಡ್ ಹಿಡಿದು ಸೋಡಿಯಂ ಕಾರ್ಬೊನೇಟ್ ಮಾಡಲು 1.8 ಕಿಲೋ ಕಾಸ್ಟಿಕ್ ಸೋಡಾ ಮುಗಿಯುತ್ತದೆ. ದೊಡ್ಡ ಪ್ರಮಾಣದಲ್ಲಿ ಬೇಕಿರುವುದು ಹಿಡಿದದ್ದನ್ನು ಕಾಯಿಸಿದ ಕೂಡಲೇ ಬಿಟ್ಟುಕೊಡುವ ದ್ರಾವಣ. ಅಮೋನಿಯಾದ ಬಳಗದ ಸಾವಯವ ಕ್ಷಾರಗಳಾದ ಅಮೈನ್‌ಗಳಿಗೆ ಆ ಗುಣವಿದೆ.

ಹಳೆಯ, ಚೆನ್ನಾಗಿ ಪಳಗಿದ ವಿಧಾನವೆಂದರೆ ತೂಕದಲ್ಲಿ 30% ಮೋನೋಎಥನಾಲಮೈನ್ ಎಂಬ ಅಮೈನ್, ಉಳಿದದ್ದು ನೀರು. ಹೊಗೆಯನ್ನು ಸುಮಾರು 40 ಡಿಗ್ರಿಗೆ ತಣಿಸಿ ಹೀರು ಗೋಪುರದ ಬುಡಕ್ಕೆ ಬಿಡುತ್ತಾರೆ, ದ್ರಾವಣ ಮೇಲಿಂದ ಇಳಿಯುತ್ತದೆ. ಕಾರ್ಬನ್ ಡೈಆಕ್ಸೈಡ್ ತುಂಬಿಕೊಂಡ ದ್ರಾವಣ ಶಾಖ ವಿನಿಮಯಕ ದಾಟಿ ಎರಡನೆಯ ಗೋಪುರಕ್ಕೆ ಹೋಗುತ್ತದೆ. ಅದರ ಬುಡದಲ್ಲಿ ಸುಮಾರು 120 ಡಿಗ್ರಿ. ಅಲ್ಲಿ ಅನಿಲ ಬಿಡುಗಡೆಯಾಗಿ, ಜೊತೆಗೆ ಬಂದ ಆವಿಯನ್ನು ಮೇಲೆ ತಣಿಸಿ ತೆಗೆದರೆ 99%ಗಿಂತ ಶುದ್ಧವಾದ ಕಾರ್ಬನ್ ಡೈಆಕ್ಸೈಡ್ ಸಿಗುತ್ತದೆ.

ಎಷ್ಟು ದ್ರಾವಣ ತಿರುಗಬೇಕು ಎಂಬ ಲೆಕ್ಕ ಸುಲಭ. ಒಂದು ಕಿಲೋ ದ್ರಾವಣದಲ್ಲಿ 4.9 ಮೋಲ್ ಅಮೈನ್ ಇದೆ. ಒಂದು ಸುತ್ತಿನಲ್ಲಿ ಪ್ರತಿ ಮೋಲ್ ಅಮೈನ್ 0.25 ಮೋಲ್ ಅನಿಲವನ್ನು ಹೊತ್ತು ಇಳಿಸಿದರೆ, ಕಿಲೋಗೆ 54 ಗ್ರಾಂ ಆಯಿತು. ಅಂದರೆ ಒಂದು ಕಿಲೋ ಕಾರ್ಬನ್ ಡೈಆಕ್ಸೈಡ್‌ಗೆ ಸುಮಾರು 18.5 ಕಿಲೋ ದ್ರಾವಣ. ಇಷ್ಟೂ ದ್ರಾವಣವನ್ನು ಕಾಯಿಸಬೇಕು, ಹಿಡಿದ ಅನಿಲವನ್ನು ಬಿಡಿಸಲೂ ಶಾಖ ಬೇಕು, ದುಬಾರಿಯಾಗುವುದು ಅದಕ್ಕೇ. ಟನ್ನಿಗೆ 3.5ರಿಂದ 4 ಗಿಗಾಜೂಲ್ ಶಾಖ ಬೇಕು.

ಪ್ರಶ್ನೆ: ಅಮೈನ್ ಬೇಗ ಕೆಡುತ್ತದೆ ಎನ್ನುತ್ತಾರೆ. ಕಾರಣ?

ಉತ್ತರ (ರಾಸಾಯನಿಕ ಎಂಜಿನಿಯರ್): ಬಹುಪಾಲು ಸಲ ದೋಷ ಅಮೈನ್‌ದಲ್ಲ, ಅದಕ್ಕೂ ಮುಂಚಿನ ಹಂತಗಳದ್ದು. ಸಲ್ಫರ್ ಡೈಆಕ್ಸೈಡ್ ಅಮೈನ್ ಜೊತೆ ಸೇರಿದರೆ ಕಾಯಿಸಿದರೂ ಒಡೆಯದ ಲವಣವಾಗುತ್ತದೆ. ಅಷ್ಟು ಅಮೈನ್ ಕೆಲಸಕ್ಕೆ ಬಾರದು. ಅದಕ್ಕೇ ಹೊಗೆಯನ್ನು ಮೊದಲು ಸುಣ್ಣಕಲ್ಲಿನ ಬಗ್ಗಡದಲ್ಲಿ, ಪಿಎಚ್ 5ರಿಂದ 6ರ ನಡುವೆ ಇಟ್ಟು ತೊಳೆಯುತ್ತಾರೆ. ಕಿಲೋ ಸಲ್ಫರ್ ಡೈಆಕ್ಸೈಡ್‌ಗೆ ಲೆಕ್ಕದ ಪ್ರಕಾರ 1.56 ಕಿಲೋ ಸುಣ್ಣಕಲ್ಲು ಬೇಕು, ಗಾಳಿ ಊದಿದರೆ 2.7 ಕಿಲೋ ಜಿಪ್ಸಂ ಸಿಗುತ್ತದೆ. ಅಷ್ಟಕ್ಕೇ ನಿಲ್ಲಿಸಬೇಡಿ, ಉಳಿದದ್ದನ್ನು ಕಾಸ್ಟಿಕ್ ಸೋಡಾದಲ್ಲಿ ಇನ್ನೊಮ್ಮೆ ತೊಳೆದು 10 ಪಿಪಿಎಂಗಿಂತ (ಹತ್ತು ಲಕ್ಷದಲ್ಲಿ 10 ಪಾಲು) ಕೆಳಗೆ ತನ್ನಿ. ಕಾಸ್ಟಿಕ್ ಸೋಡಾಕ್ಕೆ ಸರಿಯಾದ ಜಾಗ ಇದು.

ನೈಟ್ರಿಕ್ ಆಕ್ಸೈಡ್ ನೀರಿನಲ್ಲಿ ಕರಗುವುದಿಲ್ಲವೆಂದೇ ಹೇಳಬಹುದು. ತೊಳೆದು ತೆಗೆಯಲು ಹೋಗಬೇಡಿ. ಹೊಗೆ 300ರಿಂದ 400 ಡಿಗ್ರಿ ಬಿಸಿ ಇರುವಾಗಲೇ ಅಮೋನಿಯಾ ಸೇರಿಸಿ ವೇಗವರ್ಧಕದ ಮೇಲೆ ಹಾಯಿಸಿದರೆ ಅದು ಸಾರಜನಕ, ನೀರು ಆಗಿಹೋಗುತ್ತದೆ.

ಇದೆಲ್ಲ ಸರಿ ಇದ್ದೂ ದ್ರಾವಣ ಕಂದಾಗುತ್ತಿದ್ದರೆ ಹೊಗೆಯ ಆಮ್ಲಜನಕವೂ, ದ್ರಾವಣದಲ್ಲಿ ಕರಗಿದ ಕಬ್ಬಿಣವೂ ಸೇರಿ ಅಮೈನನ್ನು ಉತ್ಕರ್ಷಿಸುತ್ತಿವೆ ಎಂದು ಅನುಮಾನಿಸಿ. ಗೋಪುರದ ಮೇಲಿನ, ಕೆಳಗಿನ ಒತ್ತಡಗಳ ವ್ಯತ್ಯಾಸ ಇದ್ದಕ್ಕಿದ್ದಂತೆ ಏರಿದರೆ ಒಳಗೆ ನೊರೆ ಎದ್ದಿದೆ ಎಂದರ್ಥ. ನೊರೆನಾಶಕ ಸುರಿಯುವುದು ತಾತ್ಕಾಲಿಕ ಉಪಾಯ ಅಷ್ಟೇ. ದ್ರಾವಣವನ್ನು ಶುದ್ಧ ಮಾಡುವ ಸೋಸುಕವನ್ನೂ ಸಕ್ರಿಯ ಇದ್ದಿಲನ್ನೂ ಮೊದಲು ನೋಡಿ.

ಪ್ರಶ್ನೆ: ಅನಿಲ ಸೋಸುವ ಪೊರೆ, ಅನಿಲ ಹಿಡಿಯುವ ಸೂಕ್ಷ್ಮ ರಂಧ್ರಗಳ ಜಿಯೋಲೈಟ್ ಖನಿಜ, ಇವು ಹೇಗೆ?

ಉತ್ತರ (ರಾಸಾಯನಿಕ ಎಂಜಿನಿಯರ್): ಪೊರೆಗೆ ಒತ್ತಡವೇ ಮಿತಿ. 1 ಬಾರ್ ಹೊಗೆಯಲ್ಲಿ 13% ಇದ್ದು, ಆಚೆ ಬದಿಯಲ್ಲಿ 0.2 ಬಾರ್ ನಿರ್ವಾತ ಎಳೆದರೆ ಒತ್ತಡಗಳ ಅನುಪಾತ 5. ಪೊರೆ ಎಷ್ಟೇ ಚೆನ್ನಾಗಿರಲಿ, ಒಂದೇ ಹಂತದಲ್ಲಿ ಶುದ್ಧತೆ ಅದರ ಐದು ಪಟ್ಟು, ಅಂದರೆ 65%, ದಾಟುವುದಿಲ್ಲ, ಎರಡು ಹಂತ ಬೇಕೇ ಬೇಕು. ಜಿಯೋಲೈಟ್ 13ಎಕ್ಸ್ ಕಾರ್ಬನ್ ಡೈಆಕ್ಸೈಡನ್ನು ಚೆನ್ನಾಗಿ ಹಿಡಿಯುತ್ತದೆ, ಆದರೆ ನೀರನ್ನು ಅದಕ್ಕಿಂತ ಗಟ್ಟಿಯಾಗಿ ಹಿಡಿಯುತ್ತದೆ. ಹೊಗೆಯನ್ನು ಒಣಗಿಸದೆ ಬಿಟ್ಟರೆ ಕೆಲವೇ ಆವರ್ತಗಳಲ್ಲಿ ಸೋತುಬಿಡುತ್ತದೆ.

ಪ್ರಶ್ನೆ: ನನಗೆ ಬೇಕಿರುವುದು ಕಾರ್ಖಾನೆ ಮಟ್ಟದ್ದಲ್ಲ ಮೇಡಂ. ಪ್ರಯೋಗಾಲಯದಲ್ಲಿ 100 ಮಿಲಿಲೀಟರ್ ಹೊಗೆಯನ್ನು ಬೇರ್ಪಡಿಸಿ ಅಳೆಯುವುದು ಹೇಗೆ?

ಉತ್ತರ (ಅನಿಲ ವಿಶ್ಲೇಷಕಿ): ಅನಿಲವನ್ನು ಒಂದೊಂದೇ ದ್ರಾವಣದಲ್ಲಿ ಹೀರಿಸಿ, ಕಡಿಮೆಯಾದ ಗಾತ್ರವನ್ನು ಅಳೆಯುವ ಓರ್ಸಾಟ್ ಉಪಕರಣ ಸಾಕು. ಮೊದಲು ಕಾರ್ಬನ್ ಡೈಆಕ್ಸೈಡ್‌ಗೆ ಪೊಟ್ಯಾಸಿಯಂ ಹೈಡ್ರಾಕ್ಸೈಡ್, ಆಮೇಲೆ ಆಮ್ಲಜನಕಕ್ಕೆ ಕ್ಷಾರೀಯ ಪೈರೋಗ್ಯಾಲಾಲ್, ಕೊನೆಗೆ ಮಾನಾಕ್ಸೈಡ್‌ಗೆ ಅಮೋನಿಯಾ ಬೆರೆತ ಕ್ಯುಪ್ರಸ್ ಕ್ಲೋರೈಡ್. ಈ ಕ್ರಮ ತಪ್ಪಿಸುವಂತಿಲ್ಲ. ಪೈರೋಗ್ಯಾಲಾಲ್ ದ್ರಾವಣ ಆಮ್ಲಜನಕದ ಜೊತೆ ಕಾರ್ಬನ್ ಡೈಆಕ್ಸೈಡನ್ನೂ ನುಂಗುತ್ತದೆ, ಕ್ಯುಪ್ರಸ್ ಕ್ಲೋರೈಡ್ ಮೂರನ್ನೂ ನುಂಗುತ್ತದೆ.

ಪ್ರತಿ ದ್ರಾವಣದೊಳಗೂ ಅನಿಲವನ್ನು ಹಲವು ಸಲ ಹಾಯಿಸಿ, ಎರಡು ಓದುಗಳು ಒಂದೇ ಬರುವವರೆಗೆ ಬಿಡಬೇಡಿ. ಓದುವಾಗ ಸಮತಲ ಬಾಟಲಿಯ (ರಬ್ಬರ್ ಕೊಳವೆಯಿಂದ ಬ್ಯೂರೆಟ್ಟಿಗೆ ಜೋಡಿಸಿದ, ಏರಿಳಿಸುವ ಬಾಟಲಿ) ನೀರೂ ಬ್ಯೂರೆಟ್ಟಿನ (ಗಾತ್ರ ಅಳೆಯುವ ಗೆರೆಗಳ ಗಾಜಿನ ನಳಿಕೆ) ನೀರೂ ಒಂದೇ ಎತ್ತರದಲ್ಲಿರಲಿ. 100 ಇದ್ದದ್ದು 91.0, ಆಮೇಲೆ 86.0, ಆಮೇಲೆ 85.8 ಆಯಿತೆನ್ನಿ. ಕಾರ್ಬನ್ ಡೈಆಕ್ಸೈಡ್ 9%, ಆಮ್ಲಜನಕ 5%, ಮಾನಾಕ್ಸೈಡ್ 0.2%, ಉಳಿದದ್ದು ಸಾರಜನಕ. ಸಲ್ಫರ್ ಡೈಆಕ್ಸೈಡ್ ಇದ್ದರೆ ಅದು ಮೊದಲ ಅಂಕಿಯಲ್ಲೇ ಸೇರಿಹೋಗಿರುತ್ತದೆ. ಆ 0.2ನ್ನು ಮಾತ್ರ ಬಹಳ ನಂಬಬೇಡಿ, ಬ್ಯೂರೆಟ್ ಓದುವುದರಲ್ಲೇ ಅಷ್ಟು ವ್ಯತ್ಯಾಸ ಬರುತ್ತದೆ. ಅಷ್ಟು ಕಡಿಮೆ ಮಾನಾಕ್ಸೈಡ್‌ಗೆ ಅವಗೆಂಪು ವಿಶ್ಲೇಷಕವೇ ಸರಿ.

ಬ್ಯೂರೆಟ್ಟಿಗೆ ಬರೀ ನೀರು ತುಂಬಿದರೆ ಅದೇ ಕಾರ್ಬನ್ ಡೈಆಕ್ಸೈಡನ್ನು ಕರಗಿಸಿಕೊಳ್ಳುತ್ತದೆ. ಉಪ್ಪು ತುಂಬಾ ಕರಗಿಸಿ, ಸ್ವಲ್ಪ ಗಂಧಕಾಮ್ಲ ಹಾಕಿದ ನೀರು ಬಳಸಿ. ಕೊನೆಯ ದ್ರಾವಣದಿಂದ ಬರುವ ಅಮೋನಿಯಾ ಆವಿಯನ್ನೂ ಆ ಆಮ್ಲವೇ ಹಿಡಿಯುತ್ತದೆ, ಇಲ್ಲವಾದರೆ ಗಾತ್ರ ಹೆಚ್ಚಾಗಿ ಕಾಣುತ್ತದೆ. ಹಳೆಯ ಕ್ಯುಪ್ರಸ್ ಕ್ಲೋರೈಡ್ ಮಾನಾಕ್ಸೈಡನ್ನು ವಾಪಸ್ ಬಿಡುವುದೂ ಉಂಟು. ಆದ್ದರಿಂದ ಈ ದ್ರಾವಣಕ್ಕೆ ಎರಡು ಪಿಪೆಟ್ (ದ್ರಾವಣ ತುಂಬುವ ಗಾಜಿನ ಪಾತ್ರೆ) ಇಟ್ಟು, ಎರಡನೆಯದರಲ್ಲಿ ಹೊಸದನ್ನು ತುಂಬಿ.

ಪ್ರಶ್ನೆ: ಓದು ಸರಿಯೋ ತಪ್ಪೋ ತಿಳಿಯುವುದು ಹೇಗೆ?

ಉತ್ತರ (ಅನಿಲ ವಿಶ್ಲೇಷಕಿ): ಸಾಮಾನ್ಯ ಇಂಧನ ಗಾಳಿಯಲ್ಲಿ ಉರಿದಾಗ ಕಾರ್ಬನ್ ಡೈಆಕ್ಸೈಡ್, ಆಮ್ಲಜನಕ ಎರಡೂ ಕೂಡಿ 21% ಮೀರಬಾರದು. ಮೀರಿದರೆ ಅಳತೆಯಲ್ಲೇ ತಪ್ಪಿದೆ. ಆದರೆ ಗಾಳಿ ಸೋರಿಕೆ ಈ ಪರೀಕ್ಷೆಯಲ್ಲಿ ಸಿಕ್ಕಿಬೀಳುವುದಿಲ್ಲ. ಒಳಗೆ ನುಗ್ಗಿದ ಗಾಳಿ, ಒಲೆಗೆ ಹೆಚ್ಚಾಗಿ ಕೊಟ್ಟ ಗಾಳಿಯಂತೆಯೇ ಕಾಣುತ್ತದೆ. ಅದಕ್ಕೆ ನಲ್ಲಿಗಳನ್ನೆಲ್ಲ ಮುಚ್ಚಿ, ಸಮತಲ ಬಾಟಲಿಯನ್ನು ಕೆಳಗಿಳಿಸಿ ಮೂರು ನಿಮಿಷ ನೋಡಿ. ಬ್ಯೂರೆಟ್ಟಿನ ಮಟ್ಟ ಮೊದಲು ಸ್ವಲ್ಪ ಇಳಿದು ನಿಲ್ಲಬೇಕು. ಇಳಿಯುತ್ತಲೇ ಇದ್ದರೆ ನಲ್ಲಿಗಳನ್ನು ಬಿಚ್ಚಿ ಒರೆಸಿ, ಹೊಸದಾಗಿ ಗ್ರೀಸ್ ಹಚ್ಚಿ. ರಬ್ಬರ್ ಕೊಳವೆ ಬಿರುಕು ಬಿಟ್ಟಿದ್ದರೆ ಅದನ್ನೂ ಬದಲಿಸಿ.