ಮುಳ್ಳಯ್ಯನಗಿರಿಯಿಂದ ಮಂಗಳೂರಿನ ವಿಮಾನದ ದೀಪ ಕಾಣುತ್ತದೆಯೇ?

ಗಿರಿಸಾಲು: ಕತ್ತಲಾದ ಮೇಲೆ ಪಶ್ಚಿಮದ ಬೆಟ್ಟಸಾಲಿನ ಮೇಲೆ ಒಂದು ಬಿಳಿ ಬೆಳಕು ಒಂದೆರಡು ನಿಮಿಷ ಕದಲದೆ ನಿಂತು, ತಟ್ಟನೆ ಆರುತ್ತದೆ. ಮಿನುಗುವುದಿಲ್ಲ. ಬಜ್ಪೆಯ (ಮಂಗಳೂರು ವಿಮಾನ ನಿಲ್ದಾಣದ) ವಿಮಾನ ಇರಬಹುದಾ? ಅಷ್ಟು ದೂರ ಕಾಣುತ್ತಾ?

ಕಾಂತಿಮಾನ: ಕಾಣುತ್ತದೆ, ಆದರೆ ಯಾವ ದೀಪ ಅನ್ನುವುದು ಮುಖ್ಯ. 1 ಕ್ಯಾಂಡೆಲಾ (ಸುಮಾರು ಒಂದು ಮೇಣದಬತ್ತಿಯ ಬೆಳಕು) ದೀಪ 1 ಕಿ.ಮೀ. ದೂರದಲ್ಲಿ ಹೆಚ್ಚುಕಡಿಮೆ 1ನೇ ಕಾಂತಿಮಾನದ ನಕ್ಷತ್ರದಷ್ಟು (ಕಾಂತಿಮಾನದ ಅಂಕಿ ಹೆಚ್ಚಿದಷ್ಟೂ ಮಂಕು, ಬರಿಗಣ್ಣಿಗೆ ಸುಮಾರು 6ರವರೆಗೆ). ದೂರ 10 ಪಟ್ಟಾದರೆ 5 ಕಾಂತಿಮಾನ ಮಂಕು. ರೆಕ್ಕೆತುದಿಯ ಕೆಂಪು (ಎಡ), ಹಸಿರು (ಬಲ) ದೀಪಗಳಿಗೆ ಎದುರಿನಿಂದ ನಿಯಮ ಕೇಳುವುದು ಕನಿಷ್ಠ 40 ಕ್ಯಾಂಡೆಲಾ, 40 ಕಿ.ಮೀ.ಗೆ ಅದು 5ನೇ ಕಾಂತಿಮಾನ, ಸ್ವಲ್ಪ ಮಬ್ಬಿದ್ದರೂ ಮುಗೀತು. ಮಿಂಚುವ ದೀಪ 400 ಕ್ಯಾಂಡೆಲಾ ಇದ್ದರೆ 100 ಕಿ.ಮೀ.ಗೆ 4.5. ಲ್ಯಾಂಡಿಂಗ್ ಲೈಟಿನದು ಲಕ್ಷಗಳ ಲೆಕ್ಕ: 4 ಲಕ್ಷ ಕ್ಯಾಂಡೆಲಾ ಆದರೆ 100 ಕಿ.ಮೀ.ಗೂ ಮೈನಸ್ 3, ಅಂದರೆ ಗುರುಗ್ರಹಕ್ಕಿಂತ ಜೋರು. ಇದೆಲ್ಲ ಗಾಳಿ ನುಂಗುವುದನ್ನು ಬಿಟ್ಟು.

ಭೂಮಿಯ ಬಾಗು ಅಡ್ಡಿಯೇ ಅಲ್ಲ. 11 ಕಿ.ಮೀ. ಎತ್ತರದ ವಿಮಾನ ಗಿರಿಯ 1930 ಮೀಟರಿನಿಂದ ಲೆಕ್ಕಕ್ಕೆ 550 ಕಿ.ಮೀ. ಆಚೆಗೂ ದಿಗಂತದ ಮೇಲೇ ಇರುತ್ತದೆ. ಆದರೆ ಅಷ್ಟೆತ್ತರದಲ್ಲಿ ಲ್ಯಾಂಡಿಂಗ್ ಲೈಟ್ ಹಾಕಿರುವುದಿಲ್ಲ.

ಘಟ್ಟದಂಚು: ಬಾಗು ಅಲ್ಲ ಮಾರಾಯ್ರೆ, ಅಡ್ಡ ಬರುವುದು ಕುದುರೆಮುಖ. ಬಜ್ಪೆ ನೇರಗೆರೆಯಲ್ಲಿ ಸುಮಾರು 100 ಕಿ.ಮೀ., ಪಶ್ಚಿಮದಿಂದ ಎಡಕ್ಕೆ ಚಾಚಿದ ಕೈಯ ಮೂರು ಮುಷ್ಟಿ (ಒಂದು ಮುಷ್ಟಿ ಸುಮಾರು 10 ಡಿಗ್ರಿ). ಅದೇ ಗೆರೆಯ ನಡುವೆ 1892 ಮೀಟರಿನ ಶಿಖರ. ಹಾಗಾಗಿ ಬಜ್ಪೆ ಮೇಲಿನ ವಿಮಾನ ಸುಮಾರು 2.2 ಕಿ.ಮೀ.ಗಿಂತ ಕೆಳಗಿದ್ದರೆ ಮರೆ. ಲ್ಯಾಂಡಿಂಗ್ ಲೈಟ್ ಸಾಮಾನ್ಯವಾಗಿ 10,000 ಅಡಿ, ಅಂದರೆ 3 ಕಿ.ಮೀ. ದಾಟಿದ ಮೇಲೆ ಆರಿಸುತ್ತಾರೆ. ಉಳಿಯುವುದು ಈ ನಡುವಿನ ಒಂದೆರಡು ನಿಮಿಷ. ನೀವು ಹೇಳುವ ಅವಧಿಗೆ ಸರಿಹೊಂದುತ್ತದೆ.

ಇನ್ನೊಂದು: ಅಲ್ಲಿನ 06 ರನ್‌ವೇ (ಸುಮಾರು 60 ಡಿಗ್ರಿ, ಈಶಾನ್ಯದ ಕಡೆ) ಹೆಚ್ಚುಕಡಿಮೆ ಗಿರಿಗೇ ಮುಖಮಾಡಿದೆ. ಆ ಕಡೆ ಹಾರಿದ ವಿಮಾನ ನೇರ ನಿಮ್ಮತ್ತ ಬರುವುದರಿಂದ ನಿಂತಂತೆ ಕಾಣುತ್ತದೆ. ದೀಪದ ಕಿರಣ ಕಿರಿದು, ಸ್ವಲ್ಪ ತಿರುಗಿದರೂ ಮಾಯ. 24ರಲ್ಲಿ (ಅದೇ ರನ್‌ವೇಯ ಎದುರು ದಿಕ್ಕು) ಸಮುದ್ರದತ್ತ ಹಾರಿದ್ದು ಬೆನ್ನು ಹಾಕಿರುತ್ತದೆ, ಕಾಯಬೇಡಿ.

ಗಿರಿಸಾಲು: ಶುಕ್ರ ಅಲ್ಲ ಅಂತ ಹೇಗೆ ಖಚಿತ?

ಕಾಂತಿಮಾನ: ಒಂದು ಕಂಬಕ್ಕೆ ಒರಗಿ, ಬೆಟ್ಟದ ಅಂಚಿಗೆ ಗುರಿಯಿಟ್ಟು ನೋಡಿ. ಶುಕ್ರ 5 ನಿಮಿಷಕ್ಕೆ ಚಾಚಿದ ಕೈಯ ಕಿರುಬೆರಳಿನಗಲಕ್ಕಿಂತ ಸ್ವಲ್ಪ ಹೆಚ್ಚು ಇಳಿಯುತ್ತದೆ, ತಟ್ಟನೆ ಆರುವುದಿಲ್ಲ. ಎದುರು ಬರುವ ವಿಮಾನ ಇದ್ದಲ್ಲೇ ಇರುತ್ತದೆ ಅಥವಾ ಏರುತ್ತದೆ. 10x50 ಬೈನಾಕ್ಯುಲರನ್ನು ಟ್ರೈಪಾಡಿಗೆ ಕೂರಿಸಿದರೆ ಮಿಂಚುವ ದೀಪವೂ ಸಿಕ್ಕೀತು, ನಿಮಿಷಕ್ಕೆ 40ರಿಂದ 100 ಬಾರಿ.

ಘಟ್ಟದಂಚು: ಮಳೆ ಬಿಟ್ಟ ಮರುದಿನ ನೋಡಿ. ಬೇಸಿಗೆಯ ಹೊಗೆಮಬ್ಬಿನಲ್ಲಿ ಈ ಲೆಕ್ಕ ಯಾವುದೂ ನಡೆಯಲ್ಲ.