ಅಪ್‌ಡೇಟ್: ಮಳೆ ಗ್ರಾಫಿಗೆ ಟಿಪ್ಪಣಿ ಬರೆದ ಮೇಲೆ

ಮಡಿಕೇರಿ ಬಳಿಯ ನಮ್ಮ ಕಾಫಿ ತೋಟದ ಮಳೆ ಲೆಕ್ಕದ ಗ್ರಾಫ್ ಬೆಳೆಗಾರರ ಸಭೆಯಲ್ಲಿ ಯಾರಿಗೂ ಅರ್ಥವಾಗುತ್ತಿಲ್ಲ, ಏನು ಮಾಡಲಿ ಎಂದು ಹಿಂದೆ ಕೇಳಿದ್ದೆ. ನಿಮ್ಮ ಸಲಹೆಯಂತೆ ಬದಿಯಲ್ಲಿದ್ದ ಬಣ್ಣಗಳ ವಿವರಣೆಯನ್ನು ತೆಗೆದು, ಪ್ರತಿ ಗೆರೆಯ ತುದಿಯಲ್ಲೇ ಅದರ ವರ್ಷವನ್ನು ಬರೆದೆ. 2018ರ ಆಗಸ್ಟ್‌ನ ಏರಿಕೆಯ ಪಕ್ಕ ‘ಗುಡ್ಡ ಕುಸಿದ ತಿಂಗಳು’ ಎಂದೂ, ಫೆಬ್ರವರಿ–ಮಾರ್ಚ್ ಭಾಗಕ್ಕೆ ತೆಳು ಹಸಿರು ಬಳಿದು ‘ರೊಬಸ್ಟಾಕ್ಕೆ ಹೂಮಳೆ ಬೇಕಾದ ಕಾಲ’ ಎಂದೂ ಸೇರಿಸಿದೆ (ರೊಬಸ್ಟಾ ಒಂದು ಬಗೆಯ ಕಾಫಿ; ಅದರ ಮೊಗ್ಗು ಅರಳಿಸುವ ಮಳೆಯೇ ಹೂಮಳೆ, ಅದು ತಡವಾದರೆ ಸ್ಪ್ರಿಂಕ್ಲರ್‌ನಿಂದ ನೀರು ಚಿಮುಕಿಸಬೇಕು). ಮೊದಲು ಹನ್ನೊಂದು ಟಿಪ್ಪಣಿ ತುಂಬಿಸಿ ಗೆರೆಯೇ ಕಾಣದಂತೆ ಮಾಡಿದ್ದು ನನ್ನದೇ ಅತಿಯಾಸೆ; ಕೊನೆಗೆ ಇವೆರಡನ್ನೇ ಉಳಿಸಿದೆ. ‘ಮಾಸಿಕ ಮಳೆ’ ಎಂದಿದ್ದ ಶೀರ್ಷಿಕೆಯನ್ನು ‘ಹೂಮಳೆ ತಡವಾದ ವರ್ಷಗಳು’ ಎಂದು ಬದಲಿಸಿದೆ. ಸಭೆಯಲ್ಲಿ ಅದನ್ನು ತೋರಿಸಿದಾಗ ಹಿಂದಿನ ಸಾಲಿನಲ್ಲಿ ಕುಳಿತಿದ್ದ ಹಿರಿಯರೊಬ್ಬರು, ನಾನು ಬಾಯಿ ತೆರೆಯುವ ಮೊದಲೇ, ‘ಹಾಗಾದರೆ ಸ್ಪ್ರಿಂಕ್ಲರ್ ನೀರಿಗಾಗಿ ಕೆರೆಯ ಹೂಳನ್ನು ಮೊದಲೇ ತೆಗೆಸಬೇಕಲ್ಲ’ ಎಂದರು.