ಏಳು ಗಿಟಾರ್, ಒಂದೇ ಗೋಡೆ: ತೂಗುಹಾಕುವುದೋ, ಕಪಾಟು ಮಾಡುವುದೋ?

ಆರುತಂತಿ ಕೇಳಿದ್ದು:

ಹವ್ಯಾಸಕ್ಕೆಂದು ಬಿಟ್ಟಿರುವ ಕೋಣೆಯಲ್ಲಿ ಗಿಟಾರ್‌ಗಳಿಗೆ ಕಾಯಂ ಜಾಗ ಮಾಡಬೇಕಿದೆ. ಇರುವುದು ಏಳು: ಎರಡು ಡ್ರೆಡ್‌ನಾಟ್ (ದೊಡ್ಡ, ಅಗಲ ಬಾಡಿಯ) ಅಕೂಸ್ಟಿಕ್, ನೈಲಾನ್ ತಂತಿಯ ಒಂದು ಕ್ಲಾಸಿಕಲ್, ಮೂರು ಎಲೆಕ್ಟ್ರಿಕ್, ನಾಲ್ಕು ತಂತಿಯ ಒಂದು ಬೇಸ್. ಎಲೆಕ್ಟ್ರಿಕ್‌ಗಳಲ್ಲಿ ಒಂದಕ್ಕೆ ನೈಟ್ರೋಸೆಲ್ಯುಲೋಸ್ ಲ್ಯಾಕರ್ (ನೈಟ್ರೋ ಅನ್ನುವ ಮೆರುಗುಲೇಪ) ಇದೆ, ಹೆಡ್‌ಸ್ಟಾಕ್ (ತಂತಿ ಬಿಗಿಯುವ ಮೇಲ್ತುದಿ) ಹಿಂದಕ್ಕೆ ಬಾಗಿದೆ.

ಖಾಲಿ ಗೋಡೆ 2400 ಮಿ.ಮೀ. ಅಗಲ, 2800 ಎತ್ತರ. ಒಳಗೋಡೆ, ಇಟ್ಟಿಗೆಯದು, ಮೇಲೆ ಗಾರೆ. ಎದುರಿನದು ಕಿಟಕಿ ಇರುವ ಹೊರಗೋಡೆ. 18 ಮಿ.ಮೀ. ಪ್ಲೈವುಡ್‌ನಲ್ಲಿ ಗೋಡೆ ತುಂಬ ಕಪಾಟು ಮಾಡಿ, ಗಾಜಿನ ಬಾಗಿಲು ಹಾಕಿ, ಒಳಗೆ ಸಾಲಾಗಿ ಹ್ಯಾಂಗರ್, ಮೇಲೆ ಎಲ್‌ಇಡಿ ಪಟ್ಟಿ ಅಂತ ಯೋಚನೆ. ಕಾಗದದ ಮೇಲೆ ಎಷ್ಟು ಸಲ ಬರೆದರೂ ಏಳು ಹಿಡಿಸುತ್ತಿಲ್ಲ. ಎಷ್ಟು ಅಂತರ ಬಿಡಬೇಕು? ಎಲ್ಲವನ್ನೂ ಕಪಾಟಿನೊಳಗೆ ಇಡುವುದು ನಿಜಕ್ಕೂ ಬೇಕಾ? ನೈಟ್ರೋ ಗಿಟಾರ್‌ಗೆ ಹ್ಯಾಂಗರ್‌ನ ರಬ್ಬರ್ ಆಗಿಬರಲ್ಲ ಅಂತಾರೆ, ಅದಕ್ಕೇನು ಮಾಡೋದು?

---

ಉಳಿಸುತ್ತಿಗೆ:

ಒಂದೇ ಸಾಲಿನಲ್ಲಿ ಹಿಡಿಸೋದಿಲ್ಲ, ಸುಮ್ನೆ ತಲೆ ಕೆಡಿಸಿಕೋಬೇಡಿ. ಡ್ರೆಡ್‌ನಾಟ್ ಬಾಡಿ ಅತಿ ಅಗಲ ಇರೋ ಕಡೆ ಸುಮಾರು 400 ಮಿ.ಮೀ., ಕ್ಲಾಸಿಕಲ್ 370, ಎಲೆಕ್ಟ್ರಿಕ್ 330ರ ಆಸುಪಾಸು, ಬೇಸ್ 345. ಏಳೂ ಕೂಡಿದರೆ 2500 ದಾಟುತ್ತೆ, ನಡುವಿನ ಸಂದು ಬೇರೆ.

ಆದರೆ ಗಿಟಾರ್ ಅಗಲವಾಗಿರೋದು ಕೆಳಗೆ ಮಾತ್ರ, ಮೇಲೆ ಬರೀ ನೆಕ್. ಹಾಗಾಗಿ ಒಂದು ಮೇಲೆ, ಪಕ್ಕದ್ದು ಕೆಳಗೆ ಹಾಕಿ. ಮೇಲಿನ ಸಾಲಿನ ಕವೆ (ಹ್ಯಾಂಗರ್‌ನಲ್ಲಿ ನೆಕ್ ಹಿಡಿಯುವ ಕವಲು) ನೆಲದಿಂದ 1950ಕ್ಕೆ, ಕೆಳಗಿನ ಸಾಲಿನದು 1400ಕ್ಕೆ. ಡ್ರೆಡ್‌ನಾಟ್‌ಗೆ ನಟ್‌ನಿಂದ (ನೆಕ್, ಹೆಡ್‌ಸ್ಟಾಕ್ ಸೇರೋ ಕಡೆ ತಂತಿ ಕೂರುವ ಸಣ್ಣ ಪಟ್ಟಿ) ಬುಡದವರೆಗೆ ಸುಮಾರು 850 ಬರುತ್ತೆ. ಅಂದರೆ ಕೆಳಗಿನದರ ಬುಡ ನೆಲದಿಂದ 550ರಲ್ಲಿ ನಿಲ್ಲುತ್ತೆ, ಪೊರಕೆ ಆಡಿಸೋಕೂ ಜಾಗ ಇರುತ್ತೆ. ಮೇಲಿನದರ ಬುಡ 1100ರಿಂದ ಶುರು. ಒಂದರ ಬಾಡಿ ಇನ್ನೊಂದರ ನೆಕ್ ಪಕ್ಕಕ್ಕೆ ಬರೋದರಿಂದ ಕವೆಯಿಂದ ಕವೆಗೆ 300 ಮಿ.ಮೀ. ಅಂತರ ಸಾಕು. ಆರು ಅಂತರಕ್ಕೆ 1800, ತುದಿಯ ಎರಡು ಗಿಟಾರ್‌ಗಳ ಅರ್ಧರ್ಧ ಅಗಲ ಸೇರಿಸಿದರೆ 2160. ನಿಮ್ಮ ಗೋಡೆಯಲ್ಲಿ ಆ ಕಡೆ ಈ ಕಡೆ ತಲಾ 120 ಉಳಿಯುತ್ತೆ.

ಮೇಲೆ ಮೂರು ಎಲೆಕ್ಟ್ರಿಕ್, ಕೆಳಗೆ ಉಳಿದ ನಾಲ್ಕು, ತುದಿಗಳಲ್ಲಿ ಕ್ಲಾಸಿಕಲ್ ಮತ್ತು ಬೇಸ್. ಈ ಕ್ರಮ ಅಂದಕ್ಕೆ ಹೇಳಿದ್ದಲ್ಲ. ಕೆಳಗಿನ ಸಾಲನ್ನು ಹೊರುವ ಪಟ್ಟಿ ಮೇಲಿನ ಸಾಲಿನ ಬಾಡಿಗಳ ಬೆನ್ನ ಹಿಂದೆಯೇ ಹಾದುಹೋಗುತ್ತೆ. ಎಲೆಕ್ಟ್ರಿಕ್ ಬಾಡಿ 45 ಮಿ.ಮೀ. ದಪ್ಪ, ಅಲ್ಲಿ ಸಲೀಸು. 120 ದಪ್ಪದ ಡ್ರೆಡ್‌ನಾಟ್ ಹಾಕಿದರೆ ಬೆನ್ನು ಪಟ್ಟಿಗೆ ತಾಗುತ್ತೆ.

ಪಟ್ಟಿ ಅಂದೆನಲ್ಲ, ಅದು ಫ್ರೆಂಚ್ ಕ್ಲೀಟ್, ಅಂದರೆ ಓರೆ ಅಂಚಿನ ಎರಡು ಪಟ್ಟಿ ಒಂದಕ್ಕೊಂದು ಕಚ್ಚಿ ನಿಲ್ಲೋದು. 18 ಮಿ.ಮೀ. ಪ್ಲೈನಲ್ಲಿ 200 ಅಗಲದ ಹಲಗೆಯನ್ನು ಉದ್ದಕ್ಕೆ 45 ಡಿಗ್ರಿ ಓರೆಯಲ್ಲಿ ಸೀಳಿದರೆ ಎರಡು ಪಟ್ಟಿ ಸಿಗುತ್ತೆ. ಒಂದು ಗೋಡೆಗೆ, ಓರೆ ಅಂಚು ಮೇಲ್ಮುಖವಾಗಿ, ಚೂಪು ತುದಿ ಕೋಣೆಯ ಕಡೆಗೆ. ಇನ್ನೊಂದನ್ನು 130 ಉದ್ದದ ತುಂಡು ಮಾಡಿ, 130×200 ಅಳತೆಯ ಮುಖಹಲಗೆಯ ಬೆನ್ನಿಗೆ, ಮೇಲಿನ ಅರ್ಧಕ್ಕೆ, ಅಂಟು ಹಾಕಿ ಸ್ಕ್ರೂ ಹೊಡೆಯಿರಿ. ಹಲಗೆಯ ಕೆಳಗಿನ ಅರ್ಧ ಗೋಡೆಪಟ್ಟಿಯ ಮುಖಕ್ಕೆ ಒರಗಿ ಕೂರುತ್ತೆ. ಹ್ಯಾಂಗರನ್ನು ಮೇಲಿನ ಅರ್ಧಕ್ಕೇ ಬಿಗಿದರೆ ಸ್ಕ್ರೂಗೆ 36 ಮಿ.ಮೀ. ಮರ ಸಿಗುತ್ತೆ. ನಾಳೆ ಎಂಟನೇದು ಬಂದರೆ ಎಲ್ಲವನ್ನೂ ಒಂದಿಷ್ಟು ಪಕ್ಕಕ್ಕೆ ಸರಿಸಿದರಾಯ್ತು (ಬರುತ್ತೆ ಬಿಡಿ, ಏಳಕ್ಕೆ ಯಾರೂ ನಿಲ್ಲಿಸಿದ್ದಿಲ್ಲ).

ಇದರಲ್ಲಿ ಎಡವೋದು ಎರಡು ಕಡೆ. ಓರೆಯ ಚೂಪು ತುದಿಯನ್ನು 2–3 ಮಿ.ಮೀ. ಸವರಿ ಹಾಕದಿದ್ದರೆ ತುದಿ ಹೋಗಿ ತಳಕ್ಕೆ ಕಚ್ಚಿಕೊಳ್ಳುತ್ತೆ, ಓರೆ ಮುಖಗಳು ಒಂದಕ್ಕೊಂದು ಕೂರೋದೇ ಇಲ್ಲ, ಹಲಗೆ ಅಲ್ಲಾಡುತ್ತೆ. ಎರಡನೇದು ಜಾಸ್ತಿ ಅಪಾಯದ್ದು. ಗಿಟಾರ್ ತೆಗೆಯುವಾಗ ಕೈ ಮೇಲಕ್ಕೆ ಎತ್ತುತ್ತೆ, ಕವೆ ಹೆಡ್‌ಸ್ಟಾಕ್‌ಗೆ ಸ್ವಲ್ಪ ಸಿಕ್ಕಿದರೂ ಇಡೀ ಹಲಗೆ ಕ್ಲೀಟ್‌ನಿಂದ ಕಳಚಿ ಜೊತೆಗೇ ಎದ್ದು ಬರುತ್ತೆ, ಆಮೇಲೆ ಗಿಟಾರಿನ ಮುಖದ ಮೇಲೇ ಬೀಳುತ್ತೆ. ಜಾಗ ಖಚಿತವಾದ ಮೇಲೆ ಪ್ರತಿ ಹಲಗೆಯ ಕೆಳಭಾಗದಿಂದ ಗೋಡೆಪಟ್ಟಿಗೆ ಒಂದು 30 ಮಿ.ಮೀ. ಸ್ಕ್ರೂ ಹೊಡೆದು ಬಂದೋಬಸ್ತ್ ಮಾಡಿ.

ಗೋಡೆಗೆ: 2400 ಉದ್ದಕ್ಕೆ ಏಳು ಸ್ಕ್ರೂ, ತುದಿಯಿಂದ 60 ಬಿಟ್ಟು 380ಕ್ಕೆ ಒಂದರಂತೆ. ಮನೇಲಿ ಇದೆ ಅಂತ 50 ಮಿ.ಮೀ. ಸ್ಕ್ರೂ ಹಾಕೋರೇ ಜಾಸ್ತಿ. ಪ್ಲೈ 18, ಗಾರೆ 15 ಕಳೆದರೆ ಇಟ್ಟಿಗೆಯೊಳಗೆ ಹೋಗೋದು 17 ಮಾತ್ರ, ಗಾರೆಗೆ ಹಿಡಿತವೇ ಇಲ್ಲ. 5×80 ಸ್ಕ್ರೂ, 8×40 ನೈಲಾನ್ ಪ್ಲಗ್ ತಗೊಳ್ಳಿ. ರಂಧ್ರ 70 ಆಳ, ಪ್ಲಗ್ ಗಾರೆ ದಾಟಿ ಇಟ್ಟಿಗೆಯೊಳಗೆ ಪೂರ್ತಿ ಕೂರಬೇಕು. ರಂಧ್ರದ ಪುಡಿ ಊದಿ ತೆಗೀರಿ. ಬಿಟ್ ಇಟ್ಟಿಗೆ ನಡುವಿನ ಸಂದಿಗೆ ಬಿದ್ದರೆ ಸಲೀಸಾಗಿ ಒಳಕ್ಕೆ ಹೋಗುತ್ತೆ, ಆಗ 30 ಮಿ.ಮೀ. ಆಚೆ ಈಚೆ ಇನ್ನೊಂದು ತೋಡಿ. ರಸಮಟ್ಟ ಇಟ್ಟು ಗೆರೆ ಎಳೆದೇ ಶುರು ಮಾಡಿ, ಪಟ್ಟಿ ವಾಲಿದರೆ ಎಲ್ಲ ಗಿಟಾರೂ ವಾಲಿದ ಹಾಗೆ ಕಾಣುತ್ತೆ.

---

ಮಂದ್ರಸ್ಥಾಯಿ:

ಕವೆಯ ವಿಚಾರ ನನ್ನ ಕಡೆಯಿಂದ.

ನೈಟ್ರೋ ಲ್ಯಾಕರ್ ಎಷ್ಟು ವರ್ಷವಾದರೂ ದ್ರಾವಕಗಳಿಗೆ ಕರಗುವ ಗುಣ ಬಿಡುವುದಿಲ್ಲ. ರಬ್ಬರ್, ವಿನೈಲ್, ಕೆಲವು ಫೋಮ್‌ಗಳನ್ನು ಮೆತ್ತಗಿಡಲು ಹಾಕುವ ಪ್ಲಾಸ್ಟಿಸೈಜರ್ ಎಣ್ಣೆಗಳು ನಿಧಾನವಾಗಿ ಹೊರಬಂದು ಲ್ಯಾಕರ್‌ಗೆ ಸೇರುತ್ತವೆ. ಮೊದಲು ಮಂಕು ಕಲೆ, ಆಮೇಲೆ ಅಂಟಂಟು, ಕೊನೆಗೆ ಕವೆಯ ಅಚ್ಚು ನೆಕ್‌ನ ಮೇಲೆ. ಉಜ್ಜಿದರೆ ಹೋಗುವ ಕಲೆ ಅಲ್ಲ ಅದು. ಪಾಲಿಯುರೆಥೇನ್, ಪಾಲಿಯೆಸ್ಟರ್ ಫಿನಿಶ್ ಇರುವ ಗಿಟಾರ್‌ಗಳಿಗೆ ಈ ಚಿಂತೆ ಕಡಿಮೆ. ಯಾವುದಕ್ಕೆ ಯಾವ ಫಿನಿಶ್ ಅಂತ ಗೊತ್ತಿಲ್ಲದಿದ್ದರೆ ಎಲ್ಲವನ್ನೂ ನೈಟ್ರೋ ಅಂದುಕೊಂಡೇ ಮಾಡಿ.

ಕವೆಗೆ ಸುತ್ತಲು 2–3 ಮಿ.ಮೀ. ಕಾರ್ಕ್ ಹಾಳೆ ಅಥವಾ ಅಪ್ಪಟ ಉಣ್ಣೆಯ ಫೆಲ್ಟ್ ಒಳ್ಳೆಯದು. ಬಣ್ಣ ಹಾಕದ ಚರ್ಮವೂ ನಡೆಯುತ್ತದೆ, ಬಣ್ಣದ್ದು ಬೆವರು-ತೇವಕ್ಕೆ ಬಿಡುತ್ತದೆ. ಅವಸರಕ್ಕೆ ಬಿಳಿ ಹತ್ತಿ ಬಟ್ಟೆಯನ್ನು ಎರಡು ಪದರ ಮಾಡಿ ಸುತ್ತಿ ಹೊಲಿದುಬಿಡಿ. ಇದ್ದ ರಬ್ಬರ್ ಕೊಳವೆಯ ಮೇಲೆಯೇ ತೆಳು ಬಟ್ಟೆ ಸುತ್ತುವುದು ಅರೆಬರೆ ಕೆಲಸ, ಎಣ್ಣೆ ಬಟ್ಟೆ ದಾಟಿ ಬರುತ್ತದೆ. ರಬ್ಬರ್ ಕಿತ್ತು, ಕಬ್ಬಿಣವನ್ನು ಸ್ಪಿರಿಟ್‌ನಲ್ಲಿ ಒರೆಸಿ, ಆಮೇಲೆ ಹೊಸದು ಹಾಕಿ. ಅಂಟು ಕಬ್ಬಿಣದ ಕಡೆಗಷ್ಟೇ ಇರಲಿ, ಹೊರಮೈಗೆ ಒಸರಬಾರದು.

ಕವೆಯ ಬಾಯಿ: ಎಲೆಕ್ಟ್ರಿಕ್, ಸ್ಟೀಲ್ ತಂತಿ ಅಕೂಸ್ಟಿಕ್‌ಗಳ ನಟ್ ಸುಮಾರು 43 ಮಿ.ಮೀ., ಹೊದಿಕೆ ಸೇರಿದ ಮೇಲೆ ಬಾಯಿ 48–50 ಉಳಿಯಬೇಕು. ಬೇಸ್‌ಗೂ ಸಾಮಾನ್ಯವಾಗಿ ಅದೇ ಆಗುತ್ತದೆ. ಕ್ಲಾಸಿಕಲ್ ನಟ್ 52, ಅದಕ್ಕೆ 58–60 ಬೇಕು. ಎಲ್ಲಕ್ಕೂ ಒಂದೇ ಅಳತೆಯ ಹ್ಯಾಂಗರ್ ತಂದರೆ ಒಂದೋ ಕ್ಲಾಸಿಕಲ್ ಒಳಗೆ ಹೋಗುವುದಿಲ್ಲ, ಇಲ್ಲವೇ ಎಲೆಕ್ಟ್ರಿಕ್‌ನ ಸಣ್ಣ ಹೆಡ್‌ಸ್ಟಾಕ್ ಜಾರಿ ಬರುತ್ತದೆ. ಆರೂ ಟ್ಯೂನರ್ (ತಂತಿ ಬಿಗಿಯುವ ಕಿವಿ) ಒಂದೇ ಕಡೆ ಇರುವ ಹೆಡ್‌ಸ್ಟಾಕ್‌ಗೆ ತಿರುಗುವ ಕವೆ ಬೇಕು. ಅಲುಗಾಡದ ಕವೆಯಲ್ಲಿ ಅದು ಒಂದು ಕಡೆಗೆ ಮಾತ್ರ ಭಾರ ಬಿಟ್ಟು ಓರೆಯಾಗಿ ನೇತಾಡುತ್ತದೆ.

ತಂತಿ ಸಡಿಲಿಸಿ ತೂಗುಹಾಕಬೇಕಾ ಅನ್ನುವ ಪ್ರಶ್ನೆ ಹೇಗೂ ಬರುತ್ತದೆ: ಬೇಡ. ನೆಕ್ ಇರುವುದೇ ಆ ಎಳೆತಕ್ಕೆ ಹೊಂದಿಸಿ.

---

ಅರ್ಧತೇವ:

ನಿಮ್ಮ ಮೂಲ ಯೋಜನೆಗೆ, ಅಂದರೆ ಎಲ್ಲವೂ ಗಾಜಿನ ಹಿಂದೆ ಅನ್ನೋದಕ್ಕೆ, ನನ್ನ ಓಟು ಇಲ್ಲ. ಗಟ್ಟಿಮರದ ಎಲೆಕ್ಟ್ರಿಕ್, ಬೇಸ್ ಹೊರಗಿರಲಿ. ತೆಳು ಹಲಗೆಯ ಅಕೂಸ್ಟಿಕ್, ಕ್ಲಾಸಿಕಲ್‌ಗೇ ತೇವಾಂಶದ ಕಾಟ. ಅದರಲ್ಲೂ ಯಾವುದರ ಮೇಲ್ಪಲಕ ಪ್ಲೈ ಅಲ್ಲದೆ ಅಪ್ಪಟ ಮರವೋ ಅದಕ್ಕೆ ಮೊದಲ ಜಾಗ. ಸಾಪೇಕ್ಷ ಆರ್ದ್ರತೆ 45ರಿಂದ 55 ಪ್ರತಿಶತ ಇದ್ದರೆ ಆರಾಮು. 40ರ ಕೆಳಗೆ ತಿಂಗಳುಗಟ್ಟಲೆ ಇದ್ದರೆ ಫ್ರೆಟ್‌ಗಳ (ನೆಕ್ ಮೇಲಿನ ಲೋಹದ ಅಡ್ಡಕಂಬಿ) ತುದಿಗಳು ನೆಕ್‌ನ ಅಂಚಿನಲ್ಲಿ ಕೈಗೆ ಚುಚ್ಚುತ್ತವೆ, ಮರ ಕುಗ್ಗಿದ್ದಕ್ಕೆ ಅದೇ ಮೊದಲ ಸುಳಿವು. ಆಮೇಲೆ ಮೇಲ್ಪಲಕ ಒಳಕ್ಕೆ ಕುಸಿದು ಸೀಳು ಬಿಡುತ್ತೆ. 65 ದಾಟಿದರೆ ಹೊಟ್ಟೆ ಉಬ್ಬಿ ತಂತಿ ಎತ್ತರಕ್ಕೆ ಏಳುತ್ತೆ, ಬ್ರಿಜ್‌ನ (ಮೇಲ್ಪಲಕಕ್ಕೆ ಅಂಟಿಸಿದ, ತಂತಿ ಕಟ್ಟುವ ತುಂಡು) ಅಂಟಿಗೂ ಕಷ್ಟ.

ಎರಡಕ್ಕೆ ಸಾಕಾಗುವ ಕಪಾಟು ಮಾಡಿ: ಒಳಗೆ 1000 ಅಗಲ, 1200 ಎತ್ತರ, 250 ಆಳ. ಗಾತ್ರ 300 ಲೀಟರ್. ಈಗ ಒಂದು ಲೆಕ್ಕ ನೋಡಿ. 25 ಡಿಗ್ರಿಯಲ್ಲಿ ಒಂದು ಘನ ಮೀಟರ್ ಗಾಳಿ ಹಿಡಿಯುವುದೇ ಸುಮಾರು 23 ಗ್ರಾಂ ನೀರು. ನಿಮ್ಮ ಕಪಾಟಿನ ಗಾಳಿ 50ರಿಂದ 70 ಪ್ರತಿಶತಕ್ಕೆ ಏರಲು ಬೇಕಾದದ್ದು ಹೆಚ್ಚುಕಡಿಮೆ ಒಂದೂವರೆ ಗ್ರಾಂ! ಹಾಗಾಗಿ ಒಳಗೆ ಏನಿಟ್ಟಿದ್ದೀರಿ ಅನ್ನುವುದಕ್ಕಿಂತ ಬಾಗಿಲ ಸಂದಿ ಎಷ್ಟಿದೆ ಅನ್ನುವುದೇ ಮುಖ್ಯ. ಎರಡು ಬಾಗಿಲು ಸೇರುವ ನಡುಗೆರೆಯಲ್ಲಿ 3 ಮಿ.ಮೀ. ಸಂದು ಬಿಟ್ಟರೆ ಕಪಾಟೂ ಒಂದೇ, ಕೋಣೆಯೂ ಒಂದೇ. ಒಂದು ಬಾಗಿಲಿಗೆ ಒಳಗಿನಿಂದ ಮುಚ್ಚುಪಟ್ಟಿ ಕೊಟ್ಟು, ಸುತ್ತ ಗ್ಯಾಸ್ಕೆಟ್ (ಸಂದು ಮುಚ್ಚುವ ಮೆತ್ತನೆ ಪಟ್ಟಿ) ಹಾಕಿ. ಒಳಗೆ 49 ಪ್ರತಿಶತದ ಬೊವೆಡಾ ತರಹದ, ತೇವ ಕೊಟ್ಟು-ಹೀರುವ ಪೊಟ್ಟಣಗಳನ್ನು ಇಡಿ. ಪೊಟ್ಟಣ ಕಲ್ಲಿನಂತೆ ಗಟ್ಟಿಯಾದರೆ ಒಣಗಿದೆ ಅಂತ ಅರ್ಥ.

ಹೈಗ್ರೋಮೀಟರ್ (ತೇವಾಂಶ ಅಳೆಯುವ ಮೀಟರ್) ಹೇಳಿದ್ದನ್ನು ಕಣ್ಣುಮುಚ್ಚಿ ನಂಬಬೇಡಿ. ಬಾಟಲಿ ಮುಚ್ಚಳದಲ್ಲಿ ಅಡುಗೆ ಉಪ್ಪು ಹಾಕಿ, ಒದ್ದೆ ಮರಳಿನಂತಾಗುವಷ್ಟು ಮಾತ್ರ ನೀರು ಚಿಮುಕಿಸಿ, ಮೀಟರ್ ಜೊತೆ ಜಿಪ್ ಚೀಲದಲ್ಲಿ 12 ಗಂಟೆ ಮುಚ್ಚಿಡಿ. ಒಳಗೆ 75 ಪ್ರತಿಶತ ಆಗಿರುತ್ತೆ. ಮೀಟರ್ 71 ತೋರಿಸಿದರೆ ಮುಂದೆ ಯಾವಾಗಲೂ 4 ಕೂಡಿಸಿ ಓದಿಕೊಳ್ಳಿ. ಉಪ್ಪು ಪೂರ್ತಿ ಕರಗಿಹೋದರೆ ಲೆಕ್ಕ ತಪ್ಪುತ್ತೆ.

ಎಲ್‌ಇಡಿ ಬೇಕೇ ಬೇಕಾದರೆ ಅದರ ಡ್ರೈವರ್ (ಕರೆಂಟ್ ಕೊಡುವ, ಬಿಸಿಯಾಗುವ ಡಬ್ಬಿ) ಕಪಾಟಿನ ಹೊರಗಿರಲಿ. 20 ಡಿಗ್ರಿ, 50 ಪ್ರತಿಶತದ ಗಾಳಿಯನ್ನು ತೇವ ಸೇರಿಸದೆ 25 ಡಿಗ್ರಿಗೆ ಬಿಸಿ ಮಾಡಿದರೆ ಅದು 37 ಪ್ರತಿಶತಕ್ಕೆ ಇಳಿಯುತ್ತೆ.

---

ಆರುತಂತಿ:

ಹಾಗಾದರೆ ಕ್ಲಾಸಿಕಲ್, ಒಂದು ಡ್ರೆಡ್‌ನಾಟ್ ಕಪಾಟಿಗೆ, ಐದು ಗೋಡೆಗೆ. ಇನ್ನೆರಡು ಅನುಮಾನ. ಕಪಾಟನ್ನೂ ಗೋಡೆಗೇ ನೇತುಹಾಕಬಹುದಾ? ಪ್ಲೈ ಬದಲು ಎಂಡಿಎಫ್ (ಮರದ ನಾರು ಒತ್ತಿ ಮಾಡಿದ ಹಲಗೆ) ಆಗುತ್ತಾ, ಪೇಂಟ್ ಚೆನ್ನಾಗಿ ಕೂರುತ್ತೆ ಅಂತ?

---

ಉಳಿಸುತ್ತಿಗೆ:

ನೇತುಹಾಕಬೇಡಿ. 5 ಮಿ.ಮೀ. ಗಾಜು ಚದರ ಮೀಟರ್‌ಗೆ 12.5 ಕಿಲೋ, ನಿಮ್ಮ ಒಂದೊಂದು ಬಾಗಿಲಿನ ಗಾಜೇ 7.5 ಬರುತ್ತೆ. ಪ್ಲೈ, ಚೌಕಟ್ಟು, ಗಿಟಾರ್ ಎಲ್ಲ ಸೇರಿ 50 ಕಿಲೋ ಹತ್ತಿರ. 100 ಎತ್ತರದ ಪೀಠದ ಮೇಲೆ ನಿಲ್ಲಿಸಿ, ಮೇಲ್ಗಡೆ ಎರಡು ಎಲ್ ಪಟ್ಟಿಯಿಂದ ಗೋಡೆಗೆ ಕಟ್ಟಿ, ಬಾಗಿಲು ತೆರೆದಾಗ ಮುಂದಕ್ಕೆ ಮಗುಚಬಾರದು. ಹೊರಗೋಡೆಗೆ ಒತ್ತಿ ಇಡೋದು ಬೇಡ. ಬಾಗಿಲಿಗೆ ಮೂರು ಮೂರು ಹಿಂಜ್. ಗಾಜು ಟಫನ್ಡ್ ಇರಲಿ, ಬಾಗಿಲ ಮೂಲೆಗೆ ಫೆಲ್ಟ್ ಬೊಟ್ಟು ಅಂಟಿಸಿ, ಇಲ್ಲದಿದ್ದರೆ ಬೇಸ್ ನುಡಿಸಿದಾಗಲೆಲ್ಲ ಗಿರ್ ಅನ್ನುತ್ತೆ.

ಎಂಡಿಎಫ್ ಅಂಚಿಗೆ ಸ್ಕ್ರೂ ಹಿಡಿಯಲ್ಲ, ಕ್ಲೀಟ್‌ನ ಓರೆ ಅಂಚು ಪುಡಿ ಉದುರುತ್ತೆ. ಜೊತೆಗೆ ಮುಚ್ಚಿದ ಕಪಾಟಿನಲ್ಲಿ ಅದರ ಫಾರ್ಮಾಲ್ಡಿಹೈಡ್ ವಾಸನೆ. ಸಂದಿಗೆ ಸಿಲಿಕೋನ್ ಹಾಕುವುದಾದರೂ ವಿನೆಗರ್ ವಾಸನೆಯದ್ದು ಬೇಡ, ಆ ಆಮ್ಲ ತಂತಿ, ಫ್ರೆಟ್‌ಗಳನ್ನು ಕಪ್ಪಾಗಿಸುತ್ತೆ. ಪಾಲಿಶ್ ಆದ ಮೇಲೆ ಮೂರು ವಾರ ಬಾಗಿಲು ತೆರೆದಿಡಿ. ಆಮೇಲೆ ಒಂದು ದಿನ ಮುಚ್ಚಿ, ತೆರೆದ ತಕ್ಷಣ ಮೂಗು ಒಳಗಿಟ್ಟು ನೋಡಿ. ಘಾಟು ಬಂದರೆ ಇನ್ನೂ ಸಮಯ ಇದೆ.

---

ಪೆಟ್ಟಿಗೆವಾದಿ:

ಎಲ್ಲರೂ ತೂಗುಹಾಕೋ ಮಾತೇ ಆಡುತ್ತಿದ್ದೀರಿ. ತಿಂಗಳಿಗೊಮ್ಮೆ ಮುಟ್ಟುವ ಗಿಟಾರ್‌ಗೆ ಹಾರ್ಡ್ ಕೇಸ್‌ಗಿಂತ ಒಳ್ಳೆ ಕಪಾಟಿಲ್ಲ. ದೂಳಿಲ್ಲ, ಬಿಸಿಲಿಲ್ಲ, ಒಂದು ಪೊಟ್ಟಣ ಸಾಕು. ಗೋಡೆಪಟ್ಟಿಯ ಕೆಳಗೆ ಜಾಗ ಇಲ್ಲದಿದ್ದರೆ ಬೇರೆ ಮೂಲೆಯಲ್ಲಿ ಪುಸ್ತಕ ಜೋಡಿಸಿದ ಹಾಗೆ ಕೇಸ್‌ಗಳನ್ನು ಪಕ್ಕಕ್ಕೆ ನಿಲ್ಲಿಸುವ ಖಾನೆ ಮಾಡಿ: ಅಕೂಸ್ಟಿಕ್‌ಗೆ 200 ಮಿ.ಮೀ., ಎಲೆಕ್ಟ್ರಿಕ್‌ಗೆ 150. ಹಿಡಿ ಮೇಲಕ್ಕಿರಲಿ. ಖಾನೆಯ ತಳ ನೆಲದಿಂದ 50 ಮೇಲಿರಲಿ, ನೆಲ ಒರೆಸಿದ ನೀರು ಕೇಸ್‌ಗೆ ಇಳಿಯಬಾರದು. ಒಂದರ ಮೇಲೊಂದು ಮಲಗಿಸಿ ಪೇರಿಸಬೇಡಿ, ಅಡಿಯದರ ಮುಚ್ಚಳ ಬಗ್ಗಿ ಬ್ರಿಜ್ ಮೇಲೆ ಕೂರುತ್ತೆ. ಆ ಬಾಗಿದ ಹೆಡ್‌ಸ್ಟಾಕ್‌ನ ನೈಟ್ರೋ ಗಿಟಾರನ್ನು ನಾನಾದರೆ ಕೇಸ್‌ನಲ್ಲೇ ಇಡ್ತೀನಿ. ಒರಗಿಸಿಟ್ಟದ್ದು ಹಿಂದಕ್ಕೆ ಬಿದ್ದರೆ ಮುರಿಯೋದು ನಟ್ ಹಿಂದಿನ ಆ ಸಣ್ಣ ಜಾಗದಲ್ಲೇ.

---

ಉಳಿಸುತ್ತಿಗೆ:

ನೈಟ್ರೋ ವಿಷಯದಲ್ಲಿ ತಕರಾರಿಲ್ಲ, ಆದರೆ ಕೇಸ್‌ನಲ್ಲಿದ್ದ ಗಿಟಾರ್ ಕೈಗೆ ಬರೋದು ಕಡಿಮೆ. ಅದು ಆರುತಂತಿಯವರಿಗೆ ಬಿಟ್ಟದ್ದು.

ಮರ ಕೊಯ್ಯುವ ಲೆಕ್ಕ: 2440×1220ರ 18 ಮಿ.ಮೀ. ಹಾಳೆ ಒಂದು ಸಾಕು. ಮೊದಲು 200 ಅಗಲದ್ದೊಂದು, 100 ಅಗಲದ್ದೊಂದು ಉದ್ದಕ್ಕೆ ಕೊಯ್ಯಿರಿ. 200ರದ್ದನ್ನು ಓರೆಯಾಗಿ ಸೀಳಿದರೆ ಒಂದು ಗೋಡೆಪಟ್ಟಿ ಮತ್ತು ಎಲ್ಲ ಕೊಕ್ಕೆ ತುಂಡುಗಳು, 100ರದ್ದಕ್ಕೆ ಓರೆ ಕೊಟ್ಟರೆ ಎರಡನೇ ಗೋಡೆಪಟ್ಟಿ. ಆಮೇಲೆ 290 ಅಗಲದ್ದು ಎರಡು: ಒಂದರಲ್ಲಿ ಕಪಾಟಿನ ಎರಡು ಪಕ್ಕ, ತಲಾ 1200. ಇನ್ನೊಂದರಲ್ಲಿ ತಲೆ ಮತ್ತು ತಳ, ತಲಾ 1036. ಉಳಿಯುವ 320ರ ಪಟ್ಟಿಯಲ್ಲಿ ಮುಖಹಲಗೆ, ಪೀಠ. ಕಪಾಟಿನ ಬೆನ್ನಿಗೆ 12 ಮಿ.ಮೀ. ಪ್ಲೈ ಬೇರೆ ಬೇಕು, ಪಕ್ಕಗಳಲ್ಲಿ ಉದ್ದಕ್ಕೆ ಕಚ್ಚು ತೋಡಿ ಕೂರಿಸಿ. ಒಳಗಿನ ಹ್ಯಾಂಗರ್ ಆ 12ಕ್ಕೆ ನೇರ ಬಿಗಿಯಬೇಡಿ, ಹಿಂದೆ 18ರ ತುಂಡು ಒಂದನ್ನು ಅಡ್ಡಕ್ಕೆ ಕೊಟ್ಟು ಎರಡೂ ಪಕ್ಕಕ್ಕೆ ಸ್ಕ್ರೂ ಹೊಡೀರಿ. ಗರಗಸದ ಬಾಯಿ ಪ್ರತಿ ಕೊಯ್ತಕ್ಕೆ 3 ಮಿ.ಮೀ. ತಿನ್ನುತ್ತೆ, ಅದನ್ನು ಗೆರೆ ಹಾಕುವಾಗಲೇ ಕಳೆದುಕೊಳ್ಳಿ.